ಗಾಡಿ ಕುಡಿದ ನೀರು

ಗಾಡಿ ನೀರು ಕುಡಿಲಿಕತ್ತದ ಅಂತ ನಮ್ಮ ಕಡಿ ಡ್ರೈವರ್ ಮಂದಿ ಅಂದ್ರ ಅದರ ಅರ್ಥ ಇಷ್ಟೇ: ಮುಂಜಾನಿ ರೇಡಿಯೇಟರ್ ತುಂಬಾ ತುಂಬಿದ ನೀರು ಮಧ್ಯಾಹ್ನ ಅನ್ನೋದ್ರಾಗ ಇರಂಗಿಲ್ಲ. ಎಲ್ಲಿ ಹೋತು, ಹ್ಯಾಂಗ ಹೋತು ಅಂತ ಗೊತ್ತಾಗಂಗಿಲ್ಲ. ನನ್ನ ಗಾಡಿ ಎರಡು ವರ್ಷ ಹಿಂಗ ನೀರು ಕುಡೀತು. ಅದು ಎಲ್ಲಿಂದ ಸೋರತದ ಅನ್ನೋದು ಭಾಳ ದಿನ ನನಗೂ ಗೊತ್ತಿರಲಿಲ್ಲ. ಆಮ್ಯಾಲ ಗೊತ್ತಾತು. ಗೊತ್ತಾದ ಮ್ಯಾಲೂ ನಾ ಬಾಯಿ ಬಿಡಲಿಲ್ಲ. ಶಹಾಬಾದಿನ ಒಬ್ಬ ಮಿಸ್ತ್ರಿಗಿ ಬಿಟ್ರ ಈ ಮಾತು ಯಾರಿಗೂ ಗೊತ್ತಿಲ್ಲ, ಆತನೂ ಈಗ ಇಲ್ಲ.

ಆವಾಗಿನ್ನೂ ನಮ್ಮ ರಾಜ್ಯಕ್ಕ ಮೈಸೂರು ರಾಜ್ಯ ಅಂತಿದ್ರು. ಗಾಡಿ ಅಂದ್ರ ಯುದ್ಧದ ಕಾಲದ್ದು, ಮಿಲಿಟರಿಯವರು ಬ್ಯಾಡ ಅಂತ ಮಾರಿದ್ದು. ಮೂತಿ ಉದ್ದ, ಬಾಗಿಲು ತಗಡಿಂದು, ಸೆಲ್ಫ್ ಎಂದೋ ಸತ್ತು ಹೋಗಿತ್ತು. ಮುಂದ ಹ್ಯಾಂಡಲ್ ಹಾಕಿ ತಿರುವಿದ್ರ ಮಾತ್ರ ಏಳತಿತ್ತು, ಅದೂ ನಾಲ್ಕು ಬೈಗುಳ ಕೇಳಿದ ಮ್ಯಾಲ. ವಾಡಿ ಹತ್ರ ರಾವೂರ ಖಣಿಯೊಳಗ ಫರಸಿ ಕಲ್ಲು ತುಂಬಿಕೊಂಡು ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಗಿ ಹೋಗೋದು, ಒಮ್ಮೊಮ್ಮಿ ಅಲ್ಲಿಂದ ಮುಂದ ಕುಂಚಾವರಂ ಅಡವಿ ತನಕ. ಬರುವಾಗ ಬೊಂಬು, ಕಟಗಿ. ವಾರಕ್ಕ ಎರಡು ಖೇಪು. ನನಗಿಂತ ಮೊದಲು ಆ ಗಾಡಿ ನಡೆಸಿದ ಮೂರು ಮಂದಿ ಅದನ್ನ ಬಿಟ್ಟು ಓಡಿ ಹೋಗಿದ್ರು. ನಾ ಬಿಡಲಿಲ್ಲ. ಬಿಟ್ಟು ಎಲ್ಲಿಗಿ ಹೋಗಲಿ?

ಶಹಾಬಾದಿನಾಗ ನಂದೊಂದು ಬಾಡಿಗಿ ಖೋಲಿ ಇತ್ತು. ಹೆಂಡತಿ ಮೊದಲ ಬಾಣಂತನದಾಗೇ ತೀರಿಕೊಂಡಳು, ಕೂಸೂ ಉಳೀಲಿಲ್ಲ. ಇನ್ನೊಂದು ಮದಿವಿ ಮಾಡ್ಕೋ ಅಂತ ಹೇಳಲಿಕ್ಕೆ ಬಂದವರ ಮ್ಯಾಲ ನಾ ನಾಯಿ ಬಿದ್ದಂಗ ಬಿದ್ದೆ. ಎರಡು ವರ್ಷ ಹಂಗ ಬಿದ್ದ ಮ್ಯಾಲ ಹೇಳೋರೂ ನಿಂತ್ರು, ಬರೋರೂ ನಿಂತ್ರು. ನಂದು ಮೊದಲಿಂದಲೂ ಮೂಗಿನ ತುದಿಯೊಳಗ ಸಿಟ್ಟು. ಕ್ಲೀನರ್ ಅಂತ ಬಂದವರು ಒಂದು ತಿಂಗಳು ತಾಳಿದ್ರ ಹೆಚ್ಚು. ಕಡೀಕ ಗಾಡಿ ಮಾಲಕ, ನೀ ಒಬ್ಬನೇ ನಡೆಸ್ಕೋ ಮಾರಾಯಾ ಅಂತ ಕೈ ಮುಗದ.

ಒಬ್ಬನೇ ನಡೆಸೋದು ಅಂದ್ರ ಏನು ಅಂತ ಮೊದಲು ತಿಳೀಲಿಲ್ಲ. ಒಮ್ಮೊಮ್ಮಿ ಇಡೀ ಖೇಪಿನಾಗ ನಾ ಆಡಿದ ಮಾತು ಅಂದ್ರ ಹಮಾಲರಿಗಿ ನಿಧಾನ ಇಡ್ರೋ ಅಂದದ್ದು, ನಾಕಾದಾಗ ಪೊಲೀಸಗ ಫರಸಿ ರೀ ಅಂದದ್ದು, ಅಷ್ಟೇ. ಖೋಲಿಗಿ ಬಂದು ರೊಟ್ಟಿ ಬಡಕೊಂಡು ತಿಂದು ಮಲಗಿದ್ರ ಬಾಯಿ ಒಣಗಿ ನಾಲಿಗಿ ಅಂಟಿಕೊಂಡಿರತಿತ್ತು. ಗಾಡಿ ಕೂಡ ಮಾತಾಡಲಿಕ್ಕೆ ಸುರು ಮಾಡಿದೆ. ಏರಿನಾಗ ಎಳಿ ನಮ್ಮವ್ವ ಅಂತಿದ್ದೆ, ಇಳಕಲಿನಾಗ ಸಾವಕಾಶ ಅಂತಿದ್ದೆ. ಅದಕ್ಕ ಉತ್ತರ ಬರಂಗಿಲ್ಲ ಅಂತ ಗೊತ್ತಿದ್ರೂ ಅಂತಿದ್ದೆ.

ಇಂಥಾದ್ರಾಗ ಒಂದು ದಿನ ಸೇಡಂ ದಾಟಿ ಆಡಕಿ ಕಡಿ ಹೊಂಟಾಗ ಬಾನೆಟ್ಟಿನ ಸಂದಿಯಿಂದ ಬುಸ್ ಅಂತ ಹಬಿ ಎದ್ದಿತು. ರಸ್ತಾ ಬಾಜೂ ಒಂದು ಬೇವಿನ ಗಿಡ, ಗಿಡದ ಹಿಂದ ಒಂದೇ ಒಂದು ಕಲ್ಲಿನ ಮನಿ. ಗಿಡದ ನೆರಳಿಗಿ ಗಾಡಿ ನಿಲ್ಲಿಸಿದೆ. ಮೈಯೆಲ್ಲಾ ಉರೀಲಿಕತ್ತಿತ್ತು. ಯಾರನ್ನ ಬೈಬೇಕು ತಿಳೀದೆ ಹಾರನ್ನಿನ ಮ್ಯಾಲ ಕೈ ಇಟ್ಟು ಒತ್ತಿದೆ, ಒತ್ತೇ ಒತ್ತಿದೆ.

ಮನಿಯೊಳಗಿಂದ ಒಬ್ಬ ಬೂಬಮ್ಮ ಹೊರಗ ಬಂದಳು. ನಮ್ಮ ಕಡಿ ಮುಸಲ್ಮಾನರ ಹೆಣ್ಣುಮಕ್ಕಳಿಗಿ, ವಯಸ್ಸಾದವರಿಗಿ, ಹಂಗ ಕರೀತೀವಿ. ನನಗಿಂತ ಹದಿನೈದು ವರ್ಷ ದೊಡ್ಡಕಿ ಇದ್ದಿರಬೇಕು. ಸೊಂಟದ ಮ್ಯಾಲ ಒಂದು ನೆಗ್ಗಿದ ಜರ್ಮನ್ ಕೊಡ, ಅಲ್ಯುಮಿನಿಯಮ್ಮಿಂದು. ನಾ ಏನೂ ಕೇಳಿರಲಿಲ್ಲ. ಕೊಡ ತಂದು ಗಾಡಿ ಮುಂದ ಇಟ್ಟು ಅಂದಳು:

"ನೀ ಯಾಕ ಒದರಲಿಕತ್ತೀ ತಮ್ಮಾ? ನೀರಡಿಕಿ ಆಗಿದ್ದು ಗಾಡಿಗಿ."

ನನಗ ನಗು ಬಂತು. ನಾ ಕಡೀ ಸಲ ನಕ್ಕದ್ದು ಯಾವಾಗ ಅಂತ ನೆನಪು ಮಾಡ್ಕೊಂಡ್ರ ನೆನಪಾಗಲಿಲ್ಲ.

ಕಾದ ಎಂಜಿನ್ನಿಗಿ ಬಡಾಬಡಾ ತಣ್ಣೀರು ಹಾಕಬಾರದು, ಕಬ್ಬಿಣ ಬಿರಕ ಬಿಡತದ. ಅರ್ಧ ತಾಸರೇ ತಣ್ಣಗಾಗಲಿಕ್ಕೆ ಬಿಡಬೇಕು. ಆ ಅರ್ಧ ತಾಸು ನಾ ಗಾಡಿ ಪಾವಟಿಗಿ ಮ್ಯಾಲ ಕುಂತೆ, ಆಕಿ ಬೇವಿನ ಬುಡಕ್ಕ ಕುಂತು ಕೌದಿ ಹೊಲೀಲಿಕ್ಕೆ ಹತ್ತಿದಳು. ಗಂಡ ಖಣಿಯೊಳಗ ಕಲ್ಲು ಎಬ್ಬಿಸತಿದ್ದನಂತ, ತೀರಿಕೊಂಡು ಭಾಳ ವರ್ಷ ಆಗಿತ್ತು. ಮಗಳೊಬ್ಬಾಕಿ, ತಾಂಡೂರಿಗಿ ಕೊಟ್ಟಾರ. ಸುತ್ತಲ ಹಳ್ಳಿ ಮಂದಿ ಹಳೀ ಅರಿವಿ ಗಂಟು ತಂದು ಹಾಕತಾರ, ಆಕಿ ಕೌದಿ ಹೊಲದು ಕೊಡತಾಳ. ಇದು ಅಜ್ಜನ ಧೋತರ, ಇದು ಮದಿವ್ಯಾದ ಹುಡಗಿ ಕುಬಸ, ಇದು ಕೂಸಿನ ಕುಂಚಗಿ ಅಂತ ತುಂಡು ತುಂಡಿಗೂ ಒಂದು ಮಾತು ಹೇಳತಿದ್ದಳು. ನಾ ಕೇಳಿಕೋತ ಕುಂತೆ. ಆಮ್ಯಾಲ ಎದ್ದು ರೇಡಿಯೇಟರಿಗಿ ನೀರು ಹೊಯ್ದೆ. ಗಾಡಿ ಒಂದು ಕೊಡ ಪೂರಾ ಕುಡೀತು.

ಅವತ್ತಿಂದ ಎರಡು ವರ್ಷ, ವಾರಕ್ಕ ಎರಡು ಸಲ, ಅದೇ ಗಿಡ, ಅದೇ ಕೊಡ. ಎರಡು ಸಣ್ಣ ಹಾರನ್ ಹೊಡದ್ರ ಆಕಿ ಹೊರಗ ಬರತಿದ್ದಳು. ಏನು ಅಡಗಿ ಮಾಡಿದ್ದಿ ಅಂತ ಕೇಳತಿದ್ದಳು. ಹಿಟ್ಟಿನ ಪಲ್ಯ ಅಂದ್ರ, ಹೋದ ಸಲನೂ ಅದೇ ಅಂದಿದ್ದಿ, ನಿನಗ ಬ್ಯಾರೆ ಬರಂಗಿಲ್ಲೇನು ಅಂತ ಕಾಡತಿದ್ದಳು. ಮಳಿಗಾಲದಾಗ ಆಕಿ ಬಾಗಿಲ ಮುಂದ ರಾಡಿ ಆಗತಿತ್ತು. ಹಾದ್ಯಾಗ ಸೀಳಿದ ಒಂದು ಫರಸಿ ಇತ್ತು, ಅದನ್ನ ಇಳಿಸಿ ಹೊಸ್ತಿಲ ಮುಂದ ಹಾಸಿ ಕೊಟ್ಟೆ. ಆಕಿ ದಿನಾ ಅದನ್ನ ತೊಳೀತಿದ್ದಳು. ನಾ ಅದರ ಮ್ಯಾಲ ಒಮ್ಮಿನೂ ಕುಂತಿರಲಿಲ್ಲ. ನನ್ನ ಜಾಗಾ ಗಾಡಿ ಪಾವಟಿಗಿ, ಆಕಿ ಜಾಗಾ ಬೇವಿನ ಬುಡ, ನಡುವ ನಾಲ್ಕು ಮಾರು ಬಯಲು.

ನನ್ನ ನೀರು ನನ್ನ ಹತ್ರ ಇರತಿತ್ತು. ಮಿಲಿಟರಿ ಬಾಟ್ಲಿ, ಸುತ್ತ ಕಂಬಳಿ ಹೊಲದದ್ದು, ಬಾಗಿಲಿಗಿ ತೂಗು ಹಾಕಿದ್ದೆ. ಶಹಾಬಾದಿನಾಗ ಖೋಲಿಯಿಂದ ತುಂಬಿಕೊಂಡು ಹೊಂಡತಿದ್ದೆ. ಆಕಿ ಮುಂದೇ ಅದನ್ನ ಎತ್ತಿ ಗಟಗಟ ಕುಡೀತಿದ್ದೆ, ಮೂತಿ ಒರಸ್ಕೋತಿದ್ದೆ. ನಮ್ಮದು ಲಿಂಗಾಯತರ ಮನಿ. ಸೋಮವಾರಕ್ಕೊಮ್ಮಿ ನಮ್ಮಪ್ಪ ತಾಳ ಹಿಡದು ಕುಲ ಇಲ್ಲ, ಗಿಲ ಇಲ್ಲ ಅಂತ ಕೊರಳು ಹರಕೊಂಡು ಹಾಡತಿದ್ದ. ಖರೆ, ನೀರಿನ ವಿಷಯ ಹಾಡಿನಾಗ ಬರತಿರಲಿಲ್ಲ. ಅದನ್ನ ಯಾರೂ ಹೇಳಿ ಕೊಟ್ಟದ್ದಲ್ಲ, ಕೈಗೇ ಗೊತ್ತಿತ್ತು.

ಗಾಡಿ ರಿಪೇರಿ ಮಾಡಿಸಲಿಲ್ಲ ಅಂತ ತಿಳಕೋಬ್ಯಾಡ್ರಿ. ಹೋಸ್ ಪೈಪು ಬದಲಿ ಮಾಡಿದೆ, ಕ್ಲಿಪ್ಪು ಬಿಗಿ ಮಾಡಿದೆ. ಗಾಡಿ ಕೆಳಗ ಗೋಣಿತಟ್ಟು ಹಾಸಿ ಒಂದು ಹನಿ ಬೀಳತದೇನು ಅಂತ ಹೊಟ್ಟಿ ಮ್ಯಾಲ ಮಲಗಿ ನೋಡಿದೆ. ತಟ್ಟು ಒಣಾ ಒಣಾ. ನೆಲಕ್ಕ ಬೀಳಂಗಿಲ್ಲ, ಹೊಗಿಯೊಳಗ ಬರಂಗಿಲ್ಲ, ಆಯಿಲಿನಾಗ ಕೂಡಂಗಿಲ್ಲ. ಮತ್ತ ಹೋಗೋದೆಲ್ಲಿಗಿ? ತಲಿ ಕೆಟ್ಟು ಮೊಸರ ಗಡಿಗಿ ಆತು. ಆಮ್ಯಾಮ್ಯಾಲ ಹುಡುಕೋದು ಕಮ್ಮಿ ಮಾಡಿದೆ. ಹೋಗಲಿ ಬಿಡು, ಆಡಕಿ ಹತ್ರ ನೀರು ಸಿಗತದಲ್ಲ ಅಂತ.

ಒಂದು ದಿನ ಹಾರನ್ ಹೊಡದೆ, ಯಾರೂ ಬರಲಿಲ್ಲ. ಇಳದು ನೋಡಿದ್ರ ಬಾಗಿಲಿಗಿ ಕೀಲಿ. ಮಗಳ ಊರಿಗಿ ಹೋಗಿರಬೇಕು. ನನಗ ಸಿಟ್ಟು ಬಂತು. ಯಾರ ಮ್ಯಾಲ? ಆಕಿ ನನಗ ಹೇಳಿ ಹೋಗಬೇಕಿತ್ತೇನು? ನಾ ಆಕಿಗಿ ಏನಾಗಬೇಕು? ಆದ್ರೂ ಬಂತು. ಮುಂದಿನ ಊರಾಗ ಬಾವಿ ಇತ್ತು, ನಿಂದರಲಿಲ್ಲ. ಚಿಂಚೋಳಿಯೊಳಗ ನಳ ಇತ್ತು, ನಿಂದರಲಿಲ್ಲ. ಮೂರ್ಖನಂಗ ಹೊಡಕೊಂಡು ಹೋದೆ. ಕುಂಚಾವರಂ ಅಡವಿಯ ಏರಿನಾಗ ಗಾಡಿ ಕುದ್ದು ನಿಂತುಬಿಟ್ಟಿತು.

ಮಧ್ಯಾಹ್ನದ ಹೊತ್ತು. ಎಲಿ ಉದುರಿದ ಗಿಡ, ಬಿಸಿ ಗಾಳಿ, ಒಂದು ಹಕ್ಕಿ ದನಿ ಇಲ್ಲ. ಬಾಟ್ಲಿಯೊಳಗಿನ ನನ್ನ ನೀರೂ ರೇಡಿಯೇಟರಿಗಿ ಹಾಕಿದೆ, ಅದು ಎಲ್ಲಿಗೂ ಸಾಲಲಿಲ್ಲ. ಹೊತ್ತು ಇಳಿಯೋ ತನಕ ಒಬ್ಬರೂ ಬರಲಿಲ್ಲ. ಆ ಅಡವಿಯೊಳಗ ಕುಂತು ಒಂದು ಮಾತು ತಿಳೀತು: ಇವತ್ತು ನಾ ಇಲ್ಲೇ ಸತ್ರ ಮಾಲಕ ಗಾಡಿ ಹುಡುಕಲಿಕ್ಕೆ ಬರತಾನ, ನನ್ನನ್ನ ಹುಡುಕಲಿಕ್ಕೆ ಬರೋರು ಯಾರೂ ಇಲ್ಲ. ಬೂಬಮ್ಮ ಒಬ್ಬಾಕಿ, ಈ ವಾರ ಹಾರನ್ ಕೇಳಲಿಲ್ಲಲ್ಲ ಅಂತ ಅಂದುಕೊಂಡಾಳು. ಅಳು ಬಂತು. ಅತ್ತೆ. ಯಾರೂ ನೋಡೋರಿರಲಿಲ್ಲ, ಚೆಂದಗೆ ಅತ್ತೆ.

ಅತ್ತು ಮುಗದ ಮ್ಯಾಲ ಮಾಡಲಿಕ್ಕೆ ಕೆಲಸ ಇರಲಿಲ್ಲ. ಗಡ್ಡ ಮಾಡ್ಕೊಳ್ಳೋ ಕನ್ನಡಿ ತಗದು, ಎಂಜಿನ್ನಿನ ಕೈ ಹೋಗದ ಕಡಿ ಅದನ್ನ ಹಿಡದು ನೋಡಕೋತ ಹೋದೆ. ಸೈಲೆನ್ಸರಿಗಿ ಹೋಗೋ ದಪ್ಪ ಕೊಳವಿ ಎಂಜಿನ್ನಿನ ಬಾಜೂ ಇರತದಲ್ಲ, ಅದರ ಹಿಂದ, ಕತ್ತಲದಾಗ, ಕನ್ನಡಿಯೊಳಗ ಒಂದು ಬಿಳೀ ಗೆರಿ ಕಾಣಿಸಿತು. ಬಟ್ಟಿನಗಲ, ಅಂದ್ರ ಬೆರಳಗಲ. ಮ್ಯಾಲಿಂದ ಕೆಳಗ ಇಳದು, ಕೊಳವಿ ಮುಟ್ಟಿದಲ್ಲಿ ನಿಂತಿತ್ತು.

ಎಂಜಿನ್ನಿನ ಕಬ್ಬಿಣದ ಮೈಯೊಳಗ ಅಲ್ಲಲ್ಲಿ ದುಂಡನ ತೂತು ಇರತಾವ, ಅವಕ್ಕ ತಗಡಿನ ಬಿಲ್ಲಿ ಬಡದು ಮುಚ್ಚಿರತಾರ. ಮಿಸ್ತ್ರಿಗಳು ಅದಕ್ಕ ಡಮ್ಮಿ ಅಂತಾರ. ಕೊಳವಿ ಹಿಂದಿದ್ದ ಡಮ್ಮಿ ಜಂಗು ತಿಂದು ಸೂಜಿ ಮೊನಿಯಷ್ಟು ತೂತು ಬಿದ್ದಿತ್ತು. ಎಂಜಿನ್ ಕಾದು ನೀರು ಉಬ್ಬಿದಾಗಷ್ಟೇ ಅಲ್ಲಿಂದ ಜಿನುಗೋದು, ಜಿನುಗಿದ್ದು ಉರಿಯೋ ಕೊಳವಿ ಮ್ಯಾಲ ಬಿದ್ದು ನೆಲ ಮುಟ್ಟೋದ್ರಾಗ ಹಬಿ ಆಗಿ ಹೋಗೋದು. ಇನ್ನ ನನ್ನ ಗೋಣಿತಟ್ಟಿನ ಮ್ಯಾಲ ಹನಿ ಎಲ್ಲಿಂದ ಬೀಳಬೇಕು? ಖರೆ ನಮ್ಮ ಕಡೀದು ಕಲ್ಲಿನ ನೀರು, ಸುಣ್ಣ ಕೂಡಿದ್ದು. ನೀರು ಆರಿದ್ರೂ ಸುಣ್ಣ ಉಳೀತದ. ಎರಡು ವರ್ಷದ ಆಕಿ ಕೊಡದ ನೀರು ಅಲ್ಲಿ ಗೆರಿ ಕೊರದು ಕುಂತಿತ್ತು.

ಸಿಕ್ಕಿತಲ್ಲ ಅಂತ ಖುಷಿ ಆಗಬೇಕಿತ್ತು. ಆಗಲಿಲ್ಲ. ಒಂದು ಬಿಲ್ಲಿ ಬದಲಿ ಮಾಡಿದ್ರ ಮುಗೀತು, ಗಾಡಿ ನೀರು ಕುಡಿಯಂಗಿಲ್ಲ. ನೀರು ಕುಡಿಯದ ಗಾಡಿ ಬೇವಿನ ಗಿಡಕ್ಕ ಯಾಕ ನಿಂದರಬೇಕು? ನಾ ಆಕಿ ಮುಂದ ಏನಂತ ಇಳೀಬೇಕು? ಕೈಯೊಳಗ ಅರಿವಿ ಇತ್ತು. ಕೊಳವಿ ತಣ್ಣಗಾಗಿತ್ತು. ಅರಿವಿ ಒಳಗ ತೂರಿಸಿ ಆ ಬಿಳೀ ಗೆರಿ ಒರಸಿಬಿಟ್ಟೆ.

ಸಂಜಿ ಮುಂದ ಕಟಗಿ ಬಂಡಿಯವ ಒಬ್ಬ ಬಂದ, ತೆಲುಗಿನಾಗ ಏನೋ ಬೈಕೋತ ಹಳ್ಳದಿಂದ ಎರಡು ಡಬ್ಬಿ ನೀರು ತಂದು ಕೊಟ್ಟ. ಹ್ಯಾಂಗೋ ಊರು ಮುಟ್ಟಿದೆ. ಒಂದು ದಿನ ತಡ ಆದದ್ದಕ್ಕ ಮಾಲಕ ಕೆಂಡ ಆಗಿದ್ದ. ಕುಂದ್ರು ಅಂತನೂ ಅನಲಿಲ್ಲ.

"ಇನ್ನೊಮ್ಮಿ ಕುದಿಸಿಕೊಂಡು ನಿಂತಿ ಅಂದ್ರ ಗಾಡಿ ಮೋಡಕಾಕ್ಕ ಹಾಕತೀನಿ. ನೀ ನಿನ್ನ ದಾರಿ ನೋಡ್ಕೋ," ಅಂದ.

ಮೋಡಕಾ ಅಂದ್ರ ಒಡದು ತೂಕಕ್ಕ ಮಾರೋದು. ನನಗ ಬ್ಯಾರೆ ಗಾಡಿ ಯಾರೂ ಕೊಡಂಗಿರಲಿಲ್ಲ, ನನ್ನ ಸಿಟ್ಟಿನ ಸುದ್ದಿ ವಾಡಿಯಿಂದ ಸೇಡಂ ತನಕ ಹಬ್ಬಿತ್ತು. ಗಾಡಿ ಹೋದ್ರ ರಸ್ತಾನೇ ಹೋತು, ಬೇವಿನ ಗಿಡನೂ ಹೋತು. ರಿಪೇರಿ ಆದ್ರ ಗಿಡಕ್ಕ ನಿಂದರೋ ನೆಪ ಹೋತು. ಎರಡೂ ಕಡಿ ನಾನೇ ಸಿಕ್ಕಿ ಬಿದ್ದಿದ್ದೆ.

ಶಹಾಬಾದಿನ ಮಿಸ್ತ್ರಿ ವಯಸ್ಸಾದಾತ, ಬಿಳೀ ಗಡ್ಡಕ್ಕ ಗ್ರೀಸು ಹತ್ತಿ ಅರ್ಧ ಕರಿ ಆಗಿತ್ತು. ನಾವೆಲ್ಲಾ ಚಾಚಾ ಅಂತಿದ್ವಿ. ನೀರು ಕುಡೀತದ, ಅಡವಿಯೊಳಗ ಕುದ್ದು ನಿಂತಿತ್ತು, ಎಲ್ಲಿ ಸೋರತದ ತಿಳೀವಲ್ದು ಅಂತಷ್ಟೇ ಹೇಳಿದೆ. ಆತ ಒಂದೊಂದೇ ನೋಡಕೋತ ಬಂದ. ರೇಡಿಯೇಟರ್ ಬಿಚ್ಚಿ, ಬಾಯಿಗಿ ಸೈಕಲ್ ಟ್ಯೂಬು ಕಟ್ಟಿ, ನೀರಿನ ಹೌದಿನಾಗ ಮುಳುಗಿಸಿ ಗಾಳಿ ಹೊಡದ. ಒಂದು ಗುಳ್ಳಿ ಏಳಲಿಲ್ಲ. ಮತ್ತ ಕೂಡಿಸಿ, ಮುಚ್ಚಳ ತಗದಿಟ್ಟು ಎಂಜಿನ್ ಓಡಿಸಿ ನೀರಿನಾಗ ಕಣ್ಣಿಟ್ಟು ಕುಂತ. ಹೆಡ್ ಗ್ಯಾಸ್ಕೆಟ್ ಹೋಗಿದ್ರ ಅಲ್ಲಿ ಗುಳ್ಳಿ ಬರಬೇಕು, ಬರಲಿಲ್ಲ. ಆಯಿಲ್ ಕಡ್ಡಿ ಎಳದು ಬಟ್ಟಿಗಿ ಹಚ್ಚಿ ತಿಕ್ಕಿದ. ನೀರು ಕೂಡಿದ್ರ ಹಾಲು ಹಾಕಿದ ಚಹಾದಂಗ ಆಗಬೇಕು, ಕರ್ರಗೇ ಇತ್ತು. ವಾಟರ್ ಪಂಪಿನ ಕೆಳಗ ಬಟ್ಟು ಇಟ್ಟು ನೋಡಿದ, ಒಣಗಿತ್ತು. ಎರಡು ದಿನ ಹಿಂಗೇ. ನಾ ಬಾಜೂ ನಿಂತು ಪಾನಾ ಕೊಡು ಅಂದ್ರ ಪಾನಾ ಕೊಡತಿದ್ದೆ, ಮಾರಿ ಮಾತ್ರ ಬ್ಯಾರೆ ಕಡಿ ಮಾಡ್ಕೋತಿದ್ದೆ. ವಯಸ್ಸಾದ ಮನಷ್ಯಾನ್ನ ಹಿಂಗ ದುಡಿಸಲಿಕತ್ತೀನಲ್ಲ ಅಂತ ನನ್ನ ಮ್ಯಾಲ ನನಗೇ ಹೇಸಿಕಿ ಬಂತು. ಆದ್ರೂ ಬಾಯಿಗಿ ಬೀಗ ಬಿದ್ದಿತ್ತು.

ಎರಡನೇ ದಿನ ಮಧ್ಯಾಹ್ನ ಆತ ಬೀಡಿ ಹಚ್ಚಿ ಕುಂತು, ಗಾಡಿ ಯಾ ಊರ ನೀರು ಕುಡೀತದ ಅಂತ ಕೇಳಿದ. ಆಡಕಿ ಕಡಿ ಒಬ್ಬ ಬೂಬಮ್ಮ ಕೊಡತಾಳ ಅಂದೆ. ಮತ್ತ ನೀ ಎಲ್ಲೀದು ಕುಡೀತಿ ಅಂದ. ನಂದು ಬಾಟ್ಲಿ ಅದಲ್ಲ ಅಂದೆ. ಆತ ಹೊಗಿ ಬಿಟ್ಟು ನಕ್ಕ.

"ನಿನ್ನಕಿಂತ ನಿನ್ನ ಗಾಡಿ ಛಲೋ ಮನಷ್ಯಾ," ಅಂದ.

ಚೇಷ್ಟಿ ಅಂತ ನಾನೂ ನಕ್ಕೆ. ಆತ ಬೀಡಿ ಒತ್ತಿ ಆರಿಸಿ ಎದ್ದ. ಆ ಕಡೀದು ಕಲ್ಲಿನ ನೀರು, ಹಂಗಾದ್ರ ನಾವು ನೀರು ಹುಡುಕೋದು ತಪ್ಪು, ಸುಣ್ಣ ಹುಡುಕಬೇಕು ಅಂತ ತನಗ ತಾನೇ ಅಂದುಕೊಂಡ. ನಾ ಒಂದು ಹೆಜ್ಜಿ ಹಿಂದ ಸರದೆ. ಆತ ಬ್ಯಾಟರಿ ಬೆಳಕು ಬಿಟ್ಟು, ಕನ್ನಡಿ ಹಿಡದು, ಕೊಳವಿ ಹಿಂದ ಹೊಕ್ಕ. ಭಾಳ ಹೊತ್ತು ಅಲ್ಲೇ ಇದ್ದ. ಹೊರಗ ಬಂದಾಗ ಮಾರಿ ಮ್ಯಾಲ ನಗು ಇರಲಿಲ್ಲ.

"ಇಲ್ಲಿ ಸುತ್ತೆಲ್ಲಾ ಧೂಳು, ಗ್ರೀಸು. ಒಂದು ಬಟ್ಟಿನಗಲ ಮಾತ್ರ ಹಸನ ಅದ. ಇದನ್ನ ಯಾರೋ ಒರಸ್ಯಾರ."

ನಾ ಕೈಯೊಳಗಿನ ಪಾನಾ ಒರಸಲಿಕ್ಕೆ ಹತ್ತಿದೆ.

"ಗಾಡಿಗಿ ನೀ ಒಬ್ಬನೇ ಇದ್ದಿ," ಅಂದ. "ಎರಡು ಡಬ್ಬಿ ನೀರು ಸಂಗಾಟ ಇಟ್ಕೊಂಡಿದ್ರ ಅಡವಿಯೊಳಗ ನಿಂದರತಿರಲಿಲ್ಲ. ಯಾಕ ಇಟ್ಕೊಳ್ಳಲಿಲ್ಲ?"

ಡಬ್ಬಿ ಇಟ್ಕೊಂಡ್ರ ಆಕಿ ಕೊಡ ಬೇಕಾಗಂಗಿಲ್ಲ ಅಂತ ಹೇಳಲೇನು? ಅರ್ಧ ತಾಸಿನ ಮಾತಿಗಿ ಆಸಿ ಬಿದ್ದು ಗಾಡಿ ಕೆಡವಿದೆ ಅಂತ ಹೇಳಲೇನು? ಖರೆ, ಹೇಳಿದೆ. ಹ್ಯಾಂಗ ಬಾಯಿ ಬಿಟ್ಟೆನೋ ಗೊತ್ತಿಲ್ಲ, ಎಲ್ಲಾ ಹೇಳಿದೆ. ಕೌದಿ, ಹಿಟ್ಟಿನ ಪಲ್ಯ, ಕೀಲಿ ಹಾಕಿದ ಬಾಗಿಲು, ಎಲ್ಲಾ. ಆತ ಬೈಲಿಲ್ಲ, ನಗಲೂ ಇಲ್ಲ. ಕೊಳವಿಯ ನಟ್ಟು ಬಿಚ್ಚಲಿಕ್ಕೆ ಸುರು ಮಾಡಿದ.

ಕೊಳವಿ ಕಳಚಿದ ಮ್ಯಾಲ ಡಮ್ಮಿ ಬಯಲಿಗಿ ಬಂತು. ಚೀಣಿ ಇಟ್ಟು ಒಂದು ಏಟು ಹಾಕಿದ್ದಕ್ಕ ಹರದು ಬಂತು, ಹಪ್ಪಳದಷ್ಟು ತೆಳ್ಳಗಾಗಿತ್ತು. ಒಳಗಿಂದ ಬಳಕ್ ಅಂತ ಬಿಳೀ ಗಸಿ ಸುರೀತು, ಗ್ವಾಡಿಗಿ ಬಳೀಲಿಕ್ಕೆ ನೆನಸಿಟ್ಟ ಸುಣ್ಣದಂಗ. ತೂತಿನ ಅಂಚು ಮರಳು ಕಾಗದ ಹಚ್ಚಿ ತಿಕ್ಕಿ ಹಸನ ಮಾಡಿದ, ನೀರು ಜಿನುಗಬಾರದು ಅಂತ ಸುತ್ತ ಸಫೇದಾ ಬಳದ, ಹೊಸ ಬಿಲ್ಲಿ ಕುಂದ್ರಿಸಿದ. ನಟ್ಟ ನಡುವ ಒಂದು ಏಟು ಬಿದ್ರ ಬಿಲ್ಲಿ ಹರವಿ ಬಿಗೀ ಕೂಡತದ. ಸುತ್ತಿಗಿ ನನ್ನ ಕೈಗಿ ಕೊಟ್ಟು ನೀನೇ ಬಡಿ ಅಂದ. ಕಣ್ಣು ಮುಚ್ಚಿ ಬಡದೆ. ಬಿಲ್ಲಿ ಬಿಗೀತು. ನನ್ನ ಪಾಲಿನ ಬಾಗಿಲಿಗಿ ನಾನೇ ಕೀಲಿ ಹಾಕಿದಂಗಾತು.

ಮುಂದಿನ ಖೇಪಿಗಿ ಗಾಡಿ ಹಗುರಾಗಿ ಓಡಿತು. ಚಿತ್ತಾಪುರದಾಗ ಇಳದು ನೋಡಿದೆ, ನೀರು ತುಂಬಿತ್ತು. ಸೇಡಂನಾಗ ನೋಡಿದೆ, ತುಂಬಿತ್ತು. ಹಾಳಾದದ್ದು ಒಂದು ಬಟ್ಟರೇ ಇಳಿಯಬಾರದೇನು ಅಂತ ಬೈದೆ. ಬೇವಿನ ಗಿಡ ಬಂತು. ಕಾಲು ತಾನೇ ಬ್ರೇಕಿನ ಮ್ಯಾಲ ಹೋತು, ಕೈ ತಾನೇ ಎರಡು ಸಣ್ಣ ಹಾರನ್ ಹೊಡೀತು.

ಆಕಿ ಕೊಡ ತಗೊಂಡು ಬಂದಳು. ಮಗಳು ಹಡದಾಳ, ಅದಕ್ಕ ಹೋಗಿದ್ದೆ ಅಂದಳು. ಅರ್ಧ ತಾಸು ಕುಂತ್ವಿ. ಆಕಿ ಮೊಮ್ಮಗನ ಸುದ್ದಿ ಹೇಳಿಕೋತ ಹೊಲದಳು, ನಾ ಹ್ಞೂಂ ಅಂದುಕೋತ ಬಾನೆಟ್ ಕಡಿ ನೋಡಲಿಕತ್ತಿದ್ದೆ. ರಿಪೇರಿ ಆತು ಅಂತ ಹೇಳಬೇಕು, ನಾಲಿಗಿ ಏಳವಲ್ದು. ಹೊತ್ತಾತು. ಎದ್ದು ಗೋಣಿ ಹಾಕಿ ಮುಚ್ಚಳ ತಿರುವಿದೆ, ಕೊಡ ಎತ್ತಿ ಹೊಯ್ದೆ. ಮೊದಲ ಹನಿಗೇ ರೇಡಿಯೇಟರ್ ಉಕ್ಕಿ ಹೊರಗ ಚೆಲ್ಲಿತು. ಬಂಪರ್ ಮ್ಯಾಲಿಂದ ಹರದು ನಮ್ಮಿಬ್ಬರ ನಡುವಿನ ಮಣ್ಣಿಗಿ ಬಿತ್ತು. ಇಬ್ಬರೂ ನೋಡಿಕೋತ ನಿಂತ್ವಿ.

ತುಂಬ್ಯದಲ್ಲ ಅಂದಳು. ರಿಪೇರಿ ಆತು ಬೂಬಮ್ಮಾ, ಇನ್ನ ನೀರು ಕುಡಿಯಂಗಿಲ್ಲ ಅಂದೆ. ಛಲೋ ಆತು ಅಂದಳು. ಬರೇ ಬಾಯಿ ಮಾತಿಗಿ ಅಂದದ್ದು, ಅದು ಆಕಿ ಮಾರಿ ಮ್ಯಾಲೇ ಕಾಣತಿತ್ತು. ನನ್ನ ಕೈಯೊಳಗಿನ ಕೊಡ ತಗೊಂಡಳು. ಇನ್ನೂ ಮುಕ್ಕಾಲು ನೀರಿತ್ತು. ಅದನ್ನ ತಿರುಗಿ ನನ್ನ ಕಡಿ ಚಾಚಿದಳು.

"ಹಂಗಾದ್ರ ಇವತ್ತ ನೀ ಕುಡಿ."

ನಾ ಬ್ಯಾಡ ಅನ್ನಲಿಲ್ಲ. ಆಣಿ ಮಾಡಿ ಹೇಳತೀನಿ, ಅನ್ನಲಿಲ್ಲ. ಆದ್ರ ನನ್ನ ಕೈ ಕೊಡದ ಕಡಿ ಹೋಗಲಿಲ್ಲ. ಬಾಗಿಲಿಗಿ ತೂಗಿದ ಬಾಟ್ಲಿ ಕಡಿ ಹೋತು. ಗೇಣಷ್ಟೇ ಹೋಗಿ ನಿಂತಿತು. ಆಕಿ ನೋಡಿಬಿಟ್ಟಳು.

ಇದು ಗಾಡಿ ಕೊಡ, ಇದರಾಗ ಯಾರು ಕುಡೀತಾರ ಬಿಡು ಅಂತ ಆಕಿನೇ ಅಂದಳು. ನಾ ಹುಡುಕಬೇಕಾಗಿದ್ದ ನೆಪ ಆಕಿನೇ ಹುಡುಕಿ ಕೊಟ್ಟಳು. ಕೊಡದ ನೀರು ಬೇವಿನ ಬುಡಕ್ಕ ಸುರುವಿ, ಹೋಗಿ ಬಾ ತಮ್ಮಾ, ಹೊತ್ತಾತು ಅಂತ ಒಳಗ ಹೋದಳು.

ಆಮ್ಯಾಲ ಮೂರು ಖೇಪು ನಿಂದರಲಿಲ್ಲ. ಗಿಡ ಬಂದಾಗ ಎದುರಿಗಿ ನೋಡಿಕೋತ ಹಾದು ಹೋದೆ. ಆಕಿ ಬುಡಕ್ಕ ಕುಂತದ್ದು ಕಣ್ಣಂಚಿನಾಗ ಕಾಣತಿತ್ತು. ಗಾಡಿ ಎಂದೂ ಇಲ್ಲದಂಗ ಓಡತಿತ್ತು, ಮಾಲಕ ಬೆನ್ನು ಚಪ್ಪರಿಸಿದ. ಖೋಲಿಯೊಳಗ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳತಿದ್ದೆ. ಚಾಚಾನ ಮಾತು ಚೇಷ್ಟಿ ಅಲ್ಲ ಅಂತ ಆವಾಗ ತಿಳೀತು. ಎರಡು ವರ್ಷ ಆಕಿ ಮನಿ ನೀರು ನನ್ನ ಗಾಡಿ ಕುಡೀತು, ನಾ ಒಂದು ಹನಿ ಕುಡೀಲಿಲ್ಲ. ಆಕಿ ಅದನ್ನ ಪ್ರತಿ ಸಲ ನೋಡ್ಯಾಳ. ನೋಡಿ, ಮತ್ತ ಏನು ಅಡಗಿ ಮಾಡಿದ್ದಿ ಅಂತ ಕೇಳ್ಯಾಳ. ಯಾರೂ ಇಲ್ಲ ಯಾರೂ ಇಲ್ಲ ಅಂತ ನಾ ಅಡವಿಯೊಳಗ ಕುಂತು ಅತ್ತಿದ್ದೆನಲ್ಲ, ನನ್ನ ಮ್ಯಾಲ ನನಗೇ ಥೂ ಅನಿಸಿತು.

ನಾಲ್ಕನೇ ಖೇಪಿಗಿ ಶಹಾಬಾದ್ ಬಿಡುವಾಗ ಬಾಟ್ಲಿ ಖೋಲಿಯೊಳಗೇ ಬಿಟ್ಟೆ. ಬ್ಯಾಸಗಿ ಬಿಸಲು. ಸೇಡಂ ಮುಟ್ಟೋದ್ರಾಗ ಗಂಟಲು ಮರಳಾಗಿತ್ತು, ಅಲ್ಲೂ ಕುಡೀಲಿಲ್ಲ. ಗಿಡದ ಕೆಳಗ ಗಾಡಿ ನಿಲ್ಲಿಸಿದೆ. ಹಾರನ್ ಹೊಡೀಲಿಲ್ಲ. ಇಳದು, ಆ ನಾಲ್ಕು ಮಾರು ಬಯಲು ದಾಟಿ, ಹೊಸ್ತಿಲ ಮುಂದಿನ ಸೀಳಿದ ಫರಸಿ ಮ್ಯಾಲ ಹೋಗಿ ಕುಂತೆ. ಕಲ್ಲು ಸುಡತಿತ್ತು.

ಬೂಬಮ್ಮಾ, ನೀರು ಕೊಡ್ರಿ ಅಂದೆ. ಒಳಗಿಂದಲೇ, ಗಾಡಿ ಮತ್ತ ಕೆಟ್ಟದೇನು ಅಂತ ಕೇಳಿದಳು.

"ಗಾಡಿಗಿ ಅಲ್ಲ. ನನಗ."

ಭಾಳ ಹೊತ್ತು ಆಕಿ ಹೊರಗ ಬರಲಿಲ್ಲ. ಒಳಗ ಪಾತ್ರಿ ಸರಿಸೋ ಸಪ್ಪಳ, ಮತ್ತೇನೋ ತಿಕ್ಕೋ ಸಪ್ಪಳ. ಬಂದಾಗ ಕೈಯೊಳಗ ಒಂದು ಹಿತ್ತಾಳಿ ತಂಬಿಗಿ ಇತ್ತು. ಹುಣಸಿ ಹಣ್ಣು ಹಚ್ಚಿ ಈಗೇ ಬೆಳಗಿದ್ದು, ಥಳಥಳ ಅನ್ನತಿತ್ತು. ಅಂಚಿಗಿ ಒಂದು ನೆಗ್ಗು ಇಲ್ಲ, ಬುಡಕ್ಕ ಒಂದು ಮಸಿ ಇಲ್ಲ. ಆ ಮನಿಯೊಳಗ ಅಂಥಾ ಹೊಸಾ ಸಾಮಾನು ನಾ ಮತ್ತೊಂದು ನೋಡಿಲ್ಲ.

ತಂಬಿಗಿ ನನ್ನ ಮುಂದ ಇಟ್ಟು ಹೇಳಿದಳು. ನೀ ಮೊದಲನೇ ಸಲ ಬಂದು ಹೋದ ವಾರನೇ ಸೇಡಂ ಸಂತಿಯೊಳಗ ತಗೊಂಡೆ, ನಿಮ್ಮ ಮಂದಿ ಅಂಗಡಿಯೊಳಗ. ಬ್ಯಾರೆ ಗೂಡಿನಾಗ ಇಟ್ಟೀನಿ. ನಮ್ಮ ಮನಿಯೊಳಗ ಯಾರೂ ಇದಕ್ಕ ಬಾಯಿ ಹಚ್ಚಿಲ್ಲ, ಅಂಜಬ್ಯಾಡ. ಡ್ರೈವರ್ ಒಂದಿಲ್ಲ ಒಂದು ದಿನ ಕೇಳತಾನ ಅಂತ ಇಟ್ಟಿದ್ದೆ.

ಎರಡು ವರ್ಷ ಆ ತಂಬಿಗಿ ಒಳಗ ಗೂಡಿನಾಗ ನನ್ನ ಹಾದಿ ಕಾದಿತ್ತು. ನಾ ಹೊರಗ ನಾಲ್ಕು ಮಾರು ದೂರ ನಿಂತು ಕಬ್ಬಿಣಕ್ಕ ನೀರು ಹೊಯ್ಯಲಿಕತ್ತಿದ್ದೆ.

ಕಣ್ಣು ತುಂಬಿದ್ದು ಕಾಣಬಾರದು ಅಂತ ತಂಬಿಗಿ ಎತ್ತಿದೆ. ರೂಢಿ ನೋಡ್ರಿ, ತುಟಿಗಿ ಹಚ್ಚದಂಗ ಮ್ಯಾಲಿಂದ ಹೊಯ್ಕೊಳ್ಳಲಿಕ್ಕೆ ಹೋದೆ. ಆಕಿ ನನ್ನ ಕೈ ಹಿಡದು ಕೆಳಗ ಇಳಿಸಿದಳು.

"ಬಾಯಿ ಹಚ್ಚಿ ಕುಡಿ ತಮ್ಮಾ. ಅದು ನಿಂದೇ ಅದ."

ಬಾಯಿ ಹಚ್ಚಿ ಕುಡದೆ. ನೀರಿನಾಗ ಸುಣ್ಣದ ರುಚಿ ಇತ್ತು.